ಬಿಟ್ಟ ಮೇಲೆ ಬಂದ ಮೆಸೇಜು: ಉನ್ನತ ಶಿಕ್ಷಣ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರಗಳು. ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಕಳೆದ ತಿಂಗಳು ಇಲ್ಲಿನ ಬಟ್ಟೆ ಅಂಗಡಿಯೊಂದಕ್ಕೆ ಹೋಗಿದ್ದೆ. ಬಿಲ್ ಬರೆಯುತ್ತಿದ್ದ ಹುಡುಗಿ ನನ್ನನ್ನು ಕಂಡು ಎದ್ದು ನಿಂತಳು. ಬಿ.ಎಸ್ಸಿ.ಯಲ್ಲಿ ನಮ್ಮ ಕಾಲೇಜಿಗೇ ಮೊದಲಿಗಳಾಗಿದ್ದವಳು, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಸೀಟು ಪಡೆದಿದ್ದವಳು. ‘ಓದು ಏನಾಯಿತಮ್ಮ?’ ಎಂದು ಕೇಳಿದೆ. ‘ಎರಡನೆಯ ಸೆಮಿಸ್ಟರ್‌ನಲ್ಲಿ ಬಿಟ್ಟೆ ಸರ್. ಕಬ್ಬಿನ ಬಟವಾಡೆ ಆಗಿರಲಿಲ್ಲ, ಅಪ್ಪನಿಗೂ ಹುಷಾರಿರಲಿಲ್ಲ’ ಎಂದಳು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿರಲಿಲ್ಲವೇ ಎಂದೆ. ‘ಹಾಕಿದ್ದೆ. ಮಂಜೂರಾಗಿದೆ ಎಂದು ಮೆಸೇಜು ಬಂದಾಗ ನಾನು ಓದು ಬಿಟ್ಟು ನಾಲ್ಕು ತಿಂಗಳಾಗಿತ್ತು.’

ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಈ ಪತ್ರ.

ಪದವಿಯವರೆಗೆ ನಮ್ಮ ಮಕ್ಕಳು ಮನೆಯ ಊಟ ಮಾಡಿಕೊಂಡು ತಾಲ್ಲೂಕು ಕೇಂದ್ರದ ಕಾಲೇಜಿಗೆ ಹೋಗಿ ಬರುತ್ತಾರೆ. ಸ್ನಾತಕೋತ್ತರ ಓದಿನ ಲೆಕ್ಕವೇ ಬೇರೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿದಿದೆ, ಅದಕ್ಕೆ ನಾನು ಮನಸಾರೆ ಕೃತಜ್ಞ. ಆದರೆ ಸಂಜೆಯವರೆಗೆ ಪ್ರಯೋಗಾಲಯದಲ್ಲಿ ನಿಂತ ಹುಡುಗಿ ಮೈಸೂರಿನಿಂದ ಮಂಡ್ಯಕ್ಕೆ 45 ಕಿಲೋಮೀಟರ್ ಬಂದು, ಅಲ್ಲಿಂದ ಹಳ್ಳಿಯ ಕೊನೆಯ ಬಸ್ಸು ಹಿಡಿಯುವುದು ಎಷ್ಟು ದಿನ ಸಾಧ್ಯ? ಹಾಸ್ಟೆಲ್ ಸೇರಲೇಬೇಕು. ಮೆಸ್ ಬಿಲ್ ತಿಂಗಳು ತಿಂಗಳೂ ಬರುತ್ತದೆ. ಕೊನೆಯ ವರ್ಷ ಪ್ರಾಜೆಕ್ಟ್, ಅದರ ಮುದ್ರಣ, ಉಪನ್ಯಾಸಕರಾಗಲು ಬರೆಯುವ ನೆಟ್ ಮತ್ತು ಕೆ-ಸೆಟ್ ಅರ್ಹತಾ ಪರೀಕ್ಷೆಗಳ ಶುಲ್ಕ. ಹಾಸ್ಟೆಲ್ ಬಿಲ್ಲು ತಿಂಗಳಿಗೊಮ್ಮೆ ಬರುವಾಗ ವಿದ್ಯಾರ್ಥಿವೇತನ ವರ್ಷಕ್ಕೊಮ್ಮೆ, ಅದೂ ವರ್ಷ ಕಳೆದ ಮೇಲೆ ಬಂದರೆ ಅದನ್ನು ವೇತನವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಯೋಜನೆಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಊಟ-ವಸತಿಗೆ ವಿದ್ಯಾಸಿರಿ ಇದೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಅವು ಬಡತನವನ್ನು ನೋಡಿ ಕೊಡುವಂಥವು, ಅವು ಇರಲೇಬೇಕು. ಪ್ರತಿಭೆಗೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನಡೆಸುವ ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನದಲ್ಲಿ ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಕೊಡುತ್ತಾರೆ. ದೊಡ್ಡ ಮೊತ್ತವೇ. ಆದರೆ ಇಡೀ ದೇಶಕ್ಕೆ ವರ್ಷಕ್ಕೆ ಆಯ್ಕೆಯಾಗುವವರು 10,000 ಮಂದಿ, ಆಯ್ಕೆಗೆ ಆಧಾರ ಪದವಿಯ ಅಂಕ. ಒಂದು ವಿಶ್ವವಿದ್ಯಾಲಯದವರು ಅಂಕವನ್ನು ಅಳೆದು ತೂಗಿ ಕೊಡುತ್ತಾರೆ, ಇನ್ನೊಂದರವರು ಧಾರಾಳವಾಗಿ ಕೊಡುತ್ತಾರೆ. ಅತಿಥಿ ಉಪನ್ಯಾಸಕರ ನೇಮಕಾತಿಗೆ ಕಾಯುತ್ತ ಅರ್ಧ ಸೆಮಿಸ್ಟರ್ ಪಾಠವಿಲ್ಲದೆ ಕಳೆದ ಕಾಲೇಜಿನ ಶೇ 82, ಎಲ್ಲ ಸೌಲಭ್ಯವಿರುವ ನಗರದ ಕಾಲೇಜಿನ ಶೇ 90ಕ್ಕಿಂತ ಕಡಿಮೆ ಪ್ರತಿಭೆಯೇ? ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಾಗಿ ಅಲ್ಲವೆಂದು ಖಂಡಿತವಾಗಿ ಹೇಳುತ್ತೇನೆ.

ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ವಿಶ್ವೇಶ್ವರಯ್ಯನವರ ಪಟಗಳಿವೆ. ತಂದೆಯನ್ನು ಕಳೆದುಕೊಂಡಿದ್ದ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದರು. ಮುಂದೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಲು ಅವರಿಗೆ ನೆರವಾದದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. 1883ರಲ್ಲಿ ಅಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಆ ಹಣ ಸಕಾಲಕ್ಕೆ ಸಿಗದೆ ಹೋಗಿದ್ದರೆ ಕನ್ನಂಬಾಡಿಯ ಅಣೆಕಟ್ಟೆ ಏನಾಗುತ್ತಿತ್ತು ಎಂದು ನಮ್ಮ ರೈತರನ್ನು ಕೇಳಿ ನೋಡಿ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾದಾಗ ದಿವಾನರಾಗಿದ್ದವರೂ ಅವರೇ.

ನನ್ನ ಬೇಡಿಕೆ ಇಷ್ಟು. ರಾಜ್ಯದ ಪ್ರತಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿ ಹೆಚ್ಚು ಅಂಕ ಪಡೆದು, ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ಓದಿಗೆ ಸೇರುವ ಇಬ್ಬರಿಗೆ, ಒಬ್ಬಳಾದರೂ ಹುಡುಗಿಯಾಗಿರುವಂತೆ, ತಿಂಗಳಿಗೆ 5,000 ರೂಪಾಯಿ ಕೊಡಿ. ಒಂದೇ ಬೆಂಚಿನ ಮೇಲೆ ಕುಳಿತವರ ನಡುವೆ ಪ್ರತಿಭೆಯನ್ನು ಅಳೆದಂತಾಗುತ್ತದೆ. ಇಂಥ ಕಾಲೇಜುಗಳು ನಾಲ್ಕು ನೂರಕ್ಕೂ ಹೆಚ್ಚಿವೆ. 400 ಎಂದೇ ಹಿಡಿದರೂ 800 ವಿದ್ಯಾರ್ಥಿಗಳು, 10 ತಿಂಗಳಿಗೆ 4 ಕೋಟಿ ರೂಪಾಯಿ. ಎರಡು ವರ್ಷದ ತಂಡಗಳೂ ಸೇರಿದರೆ 8 ಕೋಟಿ. ರಾಜ್ಯದ ಬಜೆಟ್ಟಿನಲ್ಲಿ ಇದು ಹೊರೆಯಾಗುವ ಮೊತ್ತವಲ್ಲ.

ಇದಕ್ಕೆ ಅರ್ಜಿ ಕರೆಯಬೇಡಿ. ಪದವಿಯ ಅಂಕಗಳು ವಿಶ್ವವಿದ್ಯಾಲಯ-ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಸರ್ಕಾರದ ಬಳಿಯೇ ಇವೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರ ಆಧಾರ್, ಜಾತಿ, ಆದಾಯದ ವಿವರಗಳು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿವೆ. ನಾಡಕಚೇರಿಯಲ್ಲಿ ಪಡೆದ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಮೂರು ವರ್ಷ ನಮೂದಿಸುತ್ತಲೇ ಬಂದ ಮಗು ನಾಲ್ಕನೆಯ ಸಲ ಸೈಬರ್ ಕೇಂದ್ರದ ಮುಂದೆ ಏಕೆ ನಿಲ್ಲಬೇಕು? ಪದವಿಯ ಫಲಿತಾಂಶ ಬಂದ ವಾರದಲ್ಲೇ ‘ನೀನು ಆಯ್ಕೆಯಾಗಿದ್ದೀಯೆ, ಸ್ನಾತಕೋತ್ತರ ತರಗತಿಗೆ ಸೇರಿದ ಮೊದಲ ತಿಂಗಳಿಂದ ಹಣ ಬರುತ್ತದೆ’ ಎಂಬ ಪತ್ರ ಆ ಮನೆಗೆ ಹೋಗಲಿ. ಎಷ್ಟೋ ಅಪ್ಪಂದಿರು ಮಗಳನ್ನು ಮುಂದಕ್ಕೆ ಓದಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಆ ವಾರದಲ್ಲೇ.

ಬಟ್ಟೆ ಅಂಗಡಿಯ ಆ ಹುಡುಗಿಗೆ ಇನ್ನೂ 23 ವರ್ಷ. ಅರ್ಧಕ್ಕೆ ಬಿಟ್ಟವರು ಮರಳಿ ಸೇರಿದರೆ ಅವರಿಗೂ ಈ ನೆರವು ಸಿಗುವಂತೆ ನಿಯಮದಲ್ಲಿ ಒಂದು ಸಾಲು ಸೇರಿಸಿ ಎಂದು ಕೈಮುಗಿದು ಕೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಹ ಪ್ರಾಧ್ಯಾಪಕ, ಮಂಡ್ಯ