ಹೋವರ್ಡ್ ಬರೆದ ಒಂದೇ ಒಂದು ಕೋನನ್ ಕಾದಂಬರಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಕಲ್ಪಿತ ಪುರಾತನ ಜಗತ್ತಿನಲ್ಲಿ ಕತ್ತಿ ಹಿಡಿದು ಅಲೆಯುವ ಕೋನನ್ ಎಂಬ ಸಾಹಸಿಯ ಕಥಾಸರಣಿಯನ್ನು ಎಲ್ಲಿಂದ ಹಿಡಿಯಬೇಕು, ‘ದಿ ಅವರ್ ಆಫ್ ದ ಡ್ರ್ಯಾಗನ್’ ಕಾದಂಬರಿಯಿಂದಲೇ ತೊಡಗಿದರೆ ಆದೀತೇ ಎಂದು ನೀನು ಕೇಳಿ ಬರೆದಿದ್ದೆ. ಈ ನಾಯಕನ ಮೇಲೆ ಅಮೆರಿಕದ ಲೇಖಕ ರಾಬರ್ಟ್ ಇ. ಹೋವರ್ಡ್ ಬರೆದ ಪೂರ್ಣ ಪ್ರಮಾಣದ ಕಾದಂಬರಿ ಇದೊಂದೇ. ಉಳಿದವೆಲ್ಲ ಸಣ್ಣಕತೆಗಳು, ಇಲ್ಲವೇ ನೀಳ್ಗತೆಗಳು. ಸಣ್ಣಕತೆಯಲ್ಲಿ ಪಳಗಿದ ಕೈ ಇಲ್ಲಿ ಇಪ್ಪತ್ತೆರಡು ಅಧ್ಯಾಯಗಳ ಕಾದಂಬರಿಯನ್ನು ಕಟ್ಟಲು ಹೊರಟಿದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿದರೆ, ಇದರ ಗುಣದೋಷಗಳೆರಡೂ ಒಂದೇ ಬೇರಿನಿಂದ ಬಂದಿರುವುದು ಕಾಣುತ್ತದೆ.

ಹೋವರ್ಡ್ ಕಳುಹಿಸಿದ್ದ ಕಥಾಸಂಕಲನವನ್ನು ಒಪ್ಪದ ಇಂಗ್ಲೆಂಡಿನ ಪ್ರಕಾಶಕರೊಬ್ಬರು, ಕಾದಂಬರಿಯಿದ್ದರೆ ನೋಡೋಣ ಎಂದಿದ್ದರಿಂದ 1934ರಲ್ಲಿ ಇದನ್ನು ಬರೆದ. ಆ ಪ್ರಕಾಶನವೇ ಮುಳುಗಿಹೋದದ್ದರಿಂದ ಕೃತಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಗೆ ಬಂದು, 1935ರ ಡಿಸೆಂಬರ್‌ನಿಂದ 1936ರ ಏಪ್ರಿಲ್‌ವರೆಗೆ ಐದು ಕಂತುಗಳಲ್ಲಿ ಪ್ರಕಟವಾಯಿತು. ಆ ಜೂನ್‌ನಲ್ಲಿ, ಮೂವತ್ತರ ಹರೆಯದಲ್ಲಿ, ಹೋವರ್ಡ್ ತೀರಿಕೊಂಡ.

ಕಥೆ ಇಷ್ಟು. ಕೋನನ್ ಈಗ ಅಕ್ವಿಲೋನಿಯದ ರಾಜ. ಅವನನ್ನು ಕೆಡವಲು ನಾಲ್ವರು ಸೇರಿ, ಅಹ್ರಿಮನ್‌ನ ಹೃದಯವೆಂಬ ಮಣಿಯ ಬಲದಿಂದ, ಸತ್ತು ಮೂರು ಸಾವಿರ ವರ್ಷವಾಗಿದ್ದ ಝಾಲ್ಟೋಟನ್ ಎಂಬ ಮಾಂತ್ರಿಕನನ್ನು ಎಬ್ಬಿಸುತ್ತಾರೆ. ರಾಜ್ಯ ಕಳೆದುಕೊಂಡ ಕೋನನ್ ಆ ಮಣಿಯ ಬೆನ್ನು ಹತ್ತಿ ದೇಶದಿಂದ ದೇಶಕ್ಕೆ ಅಲೆಯುತ್ತಾನೆ.

ವಾಲ್ಕಿಯ ಯುದ್ಧದ ಬೆಳಗನ್ನು ಮಾತ್ರ ಎರಡು ಸಲ ಓದು. ಯುದ್ಧಕ್ಕೆ ಇನ್ನೇನು ಹೊರಡಬೇಕು ಎನ್ನುವಾಗ ಮಾಟ ತಗುಲಿ ರಾಜನ ಕೈಕಾಲು ಬಿದ್ದುಹೋಗುತ್ತವೆ. ಅವನಂತೆಯೇ ಮೈಕಟ್ಟಿರುವ ಯೋಧನೊಬ್ಬನಿಗೆ ರಾಜಕವಚ ತೊಡಿಸಿ ಕಳುಹಿಸುತ್ತಾರೆ. ಆಮೇಲಿನ ಯುದ್ಧವೆಲ್ಲ ಡೇರೆಯಲ್ಲಿ ಬಿದ್ದಿರುವ ಕೋನನ್‌ನ ಕಿವಿಗೆ, ಬಾಗಿಲಲ್ಲಿ ನಿಂತ ಪರಿಚಾರಕ ಹುಡುಗನ ಬಾಯಿಂದ, ತುಣುಕು ತುಣುಕಾಗಿ ತಲುಪುತ್ತದೆ. ಬೆಟ್ಟವೇ ಕುಸಿದು ಸೈನ್ಯವನ್ನು ನುಂಗಿದ ಮೇಲೆ, ಕಾಲು ನಿಲ್ಲದ ರಾಜ ಡೇರೆಯ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಕತ್ತಿ ಎತ್ತಿ ಶತ್ರುಗಳಿಗೆ ಎದುರಾಗುತ್ತಾನೆ. ಇಡೀ ಸರಣಿಯಲ್ಲಿ ತೋಳ್ಬಲಕ್ಕೆ ಹೆಸರಾದವನನ್ನು ಮೊದಲ ಅಧ್ಯಾಯಗಳಲ್ಲೇ ಹೀಗೆ ನಿರ್ಬಲನನ್ನಾಗಿ ಮಾಡುವ ಧೈರ್ಯ ಸಣ್ಣದಲ್ಲ.

ಖಳರ ಚಿತ್ರಣವೂ ಈ ಪ್ರಕಾರದ ಕಥೆಗಳಲ್ಲಿ ಅಪರೂಪದ್ದು. ಎಬ್ಬಿಸಿದವರಿಗೇ ಝಾಲ್ಟೋಟನ್‌ನ ಭಯ. ಅವನಿಗಿರುವುದು ಅಳಿದುಹೋದ ತನ್ನ ಆಕೆರಾನ್ ಸಾಮ್ರಾಜ್ಯವನ್ನು ಮತ್ತೆ ತರುವ ಹಂಬಲವೇ ಹೊರತು ಇವರ ಸಿಂಹಾಸನಗಳ ಚಿಂತೆಯಲ್ಲ. ಇನ್ನು ಕೋನನ್‌ನ ಜಾಗದಲ್ಲಿ ಕೂತ ವಲೇರಿಯಸ್‌ಗೆ ತಾನು ಪರರ ಕೈಗೊಂಬೆ ಎಂಬುದು ಚೆನ್ನಾಗಿ ಗೊತ್ತು. ಗೊತ್ತಿದ್ದೇ, ಹೇಗೂ ತನಗೆ ದಕ್ಕದ ರಾಜ್ಯವನ್ನು ಹಾಳುಗೆಡವುವುದರಲ್ಲಿ ಸುಖ ಕಾಣುತ್ತಾನೆ. ಇದಕ್ಕೆ ಎದುರಾಗಿ, ಸಾಮ್ರಾಜ್ಯ ಕಟ್ಟೋಣವೆಂದು ಪ್ವಾಟನ್‌ನ ದೊರೆ ಟ್ರೋಸೆರೋ ಆಸೆ ಹುಟ್ಟಿಸಿದರೂ, ತನ್ನದನ್ನು ಉಳಿಸಿಕೊಂಡರೆ ಸಾಕು ಎನ್ನುವ ಕೋನನ್ ನಿಲ್ಲುತ್ತಾನೆ. ಹಳೆಯ ಕಥೆಗಳ ಕಳ್ಳ, ಕಡಲುಗಳ್ಳ ಇಷ್ಟು ಮಾಗಿದ್ದಾನಲ್ಲ ಎಂದು ಸರಣಿ ಓದಿದವನಿಗೆ ಅನ್ನಿಸುತ್ತದೆ. ನೇರವಾಗಿ ಇಲ್ಲಿಗೇ ಬಂದವನಿಗೆ ಆ ಲಾಭವಿಲ್ಲ.

ದೋಷಗಳಲ್ಲಿ ದೊಡ್ಡದು, ಸರಕು ಹಳೆಯದು ಎಂಬುದು. ಮೋಸದಿಂದ ಯುದ್ಧ ಸೋತ ರಾಜ, ನೆಲಮಾಳಿಗೆಯ ಸೆರೆ, ಅಲ್ಲಿನ ಭಯಾನಕ ಪ್ರಾಣಿ, ಮರಳಿ ಬಂದು ಗೆಲ್ಲುವುದು, ಇವೆಲ್ಲ 1933ರ ‘ದ ಸ್ಕಾರ್ಲೆಟ್ ಸಿಟಡೆಲ್’ ಕಥೆಯಲ್ಲಿಯೇ ಇದ್ದವು. ಹೊಸ ಓದುಗರಿಗಾಗಿ ಬರೆಯುತ್ತಿದ್ದವನು ತನ್ನದೇ ಉಗ್ರಾಣಕ್ಕೆ ಕೈ ಹಾಕಿದ್ದನ್ನು ತಪ್ಪೆನ್ನಲಾರೆ, ಆದರೆ ಎರಡನ್ನೂ ಓದಿದವನಿಗೆ ಬೇಸರ ಖಂಡಿತ. ನಡುವಿನ ಅಧ್ಯಾಯಗಳು ಬಿಡಿ ಕಥೆಗಳ ಸಾಲಿನಂತಿವೆ. ಖೇಮಿ ನಗರದ ಪಿರಮಿಡ್‌ನ ಕತ್ತಲಲ್ಲಿ ಎದುರಾಗುವ ಅಕಿವಾಶಾ, ಸಾವಿಲ್ಲದ ರಾಜಕುಮಾರಿ, ಕೆಲವೇ ಪುಟಗಳಲ್ಲಿ ಬೆವರಿಳಿಸುತ್ತಾಳೆ. ಅವಳನ್ನು ಪೂರಾ ತೆಗೆದುಹಾಕಿದರೂ ಕಥೆಗೆ ಏನೂ ಆಗುವುದಿಲ್ಲ. ಮಣಿಯೂ ಕೈಯಿಂದ ಕೈಗೆ ದಾಟುತ್ತ ಹೋಗುವುದು ಕೋನನ್ ಮುಂದಿನ ಊರಿಗೆ ಹೋಗಲಿ ಎಂಬ ಕಾರಣಕ್ಕೇ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದ ನಮಗೆ ಈ ಉಪಾಯ ಹೊಸದೇನಲ್ಲ.

ಝೆನೋಬಿಯಾಳಿಗೆ ಆದ ಅನ್ಯಾಯವನ್ನು ಮಾತ್ರ ಕ್ಷಮಿಸಲು ನನ್ನಿಂದಾಗಲಿಲ್ಲ. ಶತ್ರುರಾಜನ ಅಂತಃಪುರದ ಈ ಹುಡುಗಿ ಪ್ರಾಣದ ಹಂಗು ತೊರೆದು ಸೆರೆಯಲ್ಲಿದ್ದ ಕೋನನ್‌ಗೆ ಬೀಗದ ಕೈ, ಕಠಾರಿ ತಂದುಕೊಡುತ್ತಾಳೆ. ಅವಳಿಲ್ಲದಿದ್ದರೆ ಕಾದಂಬರಿಯೇ ಇಲ್ಲ. ಅಷ್ಟಾದ ಮೇಲೆ ಲೇಖಕ ಅವಳನ್ನು ಬಹುಕಾಲ ಮರೆತುಬಿಟ್ಟು, ಕೊನೆಯಲ್ಲಿ ರಾಣಿಪಟ್ಟ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಹಡಗಿನಲ್ಲಿ ಹುಟ್ಟು ಹಾಕುವ ಕಪ್ಪು ಗುಲಾಮರ ದಂಗೆಯನ್ನು ಓದುವಾಗಲೂ ಇರುಸುಮುರುಸಾಗುತ್ತದೆ: ಬರಹದ ವೇಗ ಅದ್ಭುತ, ಆದರೆ ಬಿಳಿಯ ನಾಯಕನ ಹೆಸರು ಹಿಡಿದು ಕೂಗುವ ಆ ಗುಂಪಿನಲ್ಲಿ ಒಬ್ಬನಿಗಾದರೂ ತನ್ನದೇ ಆದ ಬದುಕಿದೆ ಎಂದು ಅನ್ನಿಸುವುದಿಲ್ಲ. ಕಾಲದ ಹೆಸರಿನಲ್ಲಿ ಇದನ್ನು ತಳ್ಳಿಹಾಕುವವರಿದ್ದಾರೆ, ನಾನು ಆ ಪೈಕಿಯಲ್ಲ.

ಹಾಗಾಗಿ ಇದರಿಂದ ತೊಡಗಬೇಡ. ಮೊದಲು ‘ದ ಟವರ್ ಆಫ್ ದಿ ಎಲಿಫೆಂಟ್’ ಓದು. ಒಂದೇ ರಾತ್ರಿಯ ಆ ಕಥೆಯಲ್ಲಿ ಕೋನನ್ ಇನ್ನೂ ಎಳೆಯ ಕಳ್ಳ. ಆಮೇಲೆ ಇನ್ನೊಂದೆರಡು ಕಥೆ ಮುಗಿಸಿ ಇದಕ್ಕೆ ಬಾ. ಒಂದು ಎಚ್ಚರಿಕೆ: 1950ರಲ್ಲಿ ಪುಸ್ತಕವಾಗಿ ಬಂದಾಗ ಇದಕ್ಕೆ ‘ಕೋನನ್ ದ ಕಾಂಕರರ್’ ಎಂದು ಹೆಸರಿಟ್ಟಿದ್ದರು. ಬೇರೆ ಕಾದಂಬರಿ ಎಂದುಕೊಂಡು ಎರಡನ್ನೂ ಕೊಂಡುಬಿಟ್ಟೀಯೆ.

ನಿನ್ನ ಗೆಳೆಯ