ಕೇಬಲ್ ಬಿಗಿದರೆ ಸಾಲದು, ಗ್ರೌಟಿಂಗ್ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೇ,

ಪೀಣ್ಯ ಮೇಲ್ಸೇತುವೆ ಓಡಾಟಕ್ಕೆ ತೆರೆದದ್ದು 2010ರಲ್ಲಿ. 2021ರ ಡಿಸೆಂಬರ್‌ನಲ್ಲಿ ಒಳಗಿನ ಉಕ್ಕಿನ ಕೇಬಲ್‌ಗೆ ತುಕ್ಕು ಹಿಡಿದಿದೆ ಎಂದು ಮುಚ್ಚಿದರು. ಕಾರು, ಬೈಕುಗಳನ್ನು ಬೇಗ ಬಿಟ್ಟರು. ಲಾರಿ, ಬಸ್ಸುಗಳು ಮಾತ್ರ 2024ರ ಜುಲೈವರೆಗೆ ಕಾಯಬೇಕಾಯಿತು. ಸೇತುವೆ ಕೆಲಸದಲ್ಲೇ ತಲೆ ನೆರೆತ ನನಗೆ ಆ ಸುದ್ದಿ ಓದಿ ಹೊಟ್ಟೆ ಉರಿಯಿತು.

ಬೆಂಗಳೂರಿನ ಮೆಟ್ರೋ, ಫ್ಲೈಓವರ್‌ಗಳಲ್ಲಿ ಸೆಗ್ಮೆಂಟ್ ಜೋಡಿಸುವುದನ್ನು ಎಲ್ಲರೂ ನೋಡಿರುತ್ತೀರಿ. ಯಾರ್ಡ್‌ನಲ್ಲಿ ಎರಕ ಹಾಕಿದ ತುಂಡುಗಳನ್ನು ಲಾಂಚಿಂಗ್ ಗರ್ಡರ್ ಎಂಬ ಉದ್ದನೆಯ ಯಂತ್ರ ಎತ್ತಿ ಹಿಡಿಯುತ್ತದೆ. ತುಂಡುಗಳು ಕೂಡುವ ಕೀಲುಗಳಿಗೆ ಎಪಾಕ್ಸಿ ಅಂಟು ಬಳಿದು, ಒಳಗಿನ ಡಕ್ಟ್‌ನಲ್ಲಿ, ಅಂದರೆ ಕೊಳವೆಯಲ್ಲಿ, ಕೇಬಲ್ ಪೋಣಿಸಿ, ಜಾಕ್‌ನಿಂದ ಎಳೆದು ಬಿಗಿಯುತ್ತಾರೆ. ಎರಡು ಕಂಬಗಳ ನಡುವಿನ ಸ್ಪ್ಯಾನ್ ತನ್ನ ಕಾಲ ಮೇಲೆ ನಿಂತಿತು. ಗರ್ಡರ್ ಮುಂದಿನ ಕಂಬಕ್ಕೆ ಹೊರಟಿತು.

ತೊಂದರೆ ಶುರುವಾಗುವುದು ಇಲ್ಲೇ. ಕೇಬಲ್‌ಗೆ ನೀರು, ಗಾಳಿ ತಾಗಿ ತುಕ್ಕು ಹಿಡಿಯದಂತೆ ಡಕ್ಟ್‌ಗೆ ಗ್ರೌಟ್, ಅಂದರೆ ತೆಳು ಸಿಮೆಂಟ್ ಪಾಕ, ತುಂಬುವುದು ಇನ್ನೂ ಬಾಕಿ ಇರುತ್ತದೆ. ಅದಕ್ಕಾಗಿ ಯಾರೂ ಕಾಯುವುದಿಲ್ಲ, ಅದು ನಿಂತರೆ ಮುಂದಿನ ಕೆಲಸ ನಿಲ್ಲುವುದಿಲ್ಲ. ಹಾಗಾಗಿ 'ನಾಳೆ ಮಾಡೋಣ' ಎಂಬ ಮಾತು ಬರುತ್ತದೆ. ನಾನಿದ್ದ ಒಂದು ಸೈಟಿನಲ್ಲಿ ಆ ನಾಳೆ ಬರುವಷ್ಟರಲ್ಲಿ ಮಳೆಗಾಲವೇ ಬಂತು, ಡಕ್ಟ್ ಒಳಗೆ ನೀರು ನಿಂತಿತ್ತು. ಈ ತುದಿಯಿಂದ ಗ್ರೌಟ್ ಪಂಪ್ ಮಾಡಿದಾಗ ಆ ತುದಿಯ ವೆಂಟ್‌ನಲ್ಲಿ (ಗಾಳಿ ಹೊರಹೋಗುವ ತೂತು) ಅದು ಮೊದಲು ನೀರು ನೀರಾಗಿ ಬರುತ್ತದೆ. ಈ ಕಡೆ ಹಾಕಿದ ಹದದಲ್ಲೇ ಬರುವ ತನಕ ಬಿಡಬೇಕು, ಆಮೇಲೆ ಮುಚ್ಚಬೇಕು. ಅವಸರದಲ್ಲಿ ಮುಚ್ಚಿದರೆ ಎತ್ತರದ ಜಾಗದಲ್ಲಿ, ಕೇಬಲ್ ತುದಿ ಹಿಡಿದಿಡುವ ಆಂಕರ್ ಹಿಂದೆ ಗಾಳಿ ಉಳಿಯುತ್ತದೆ. ಹೊರಗಿನಿಂದ ಕಾಂಕ್ರೀಟ್ ಹೊಚ್ಚ ಹೊಸದಾಗಿಯೇ ಕಾಣುತ್ತದೆ, ಒಳಗೆ ಕೇಬಲ್ ಸವೆಯುತ್ತಿರುತ್ತದೆ.

ವೇಲ್ಸ್‌ನ ಇನಿಸ್-ಅ-ಗ್ವಾಸ್ ಸೇತುವೆ 1985ರಲ್ಲಿ ಯಾವ ಸೂಚನೆಯೂ ಇಲ್ಲದೆ ಕುಸಿಯಿತು. ಅಲ್ಲೂ ಸೆಗ್ಮೆಂಟ್‌ಗಳ ಕೀಲಿನಲ್ಲಿ ಕೇಬಲ್ ತುಕ್ಕು ತಿಂದಿತ್ತು. ಬ್ರಿಟನ್ 1992ರಲ್ಲಿ ಗ್ರೌಟ್ ತುಂಬುವ ಹೊಸ ಸೇತುವೆಗಳನ್ನೇ ನಿಲ್ಲಿಸಿತು. 1996ರಲ್ಲಿ ನಿಯಮ ಬಿಗಿ ಮಾಡಿ ಮತ್ತೆ ಒಪ್ಪಿದರೂ ಸೆಗ್ಮೆಂಟ್ ಸೇತುವೆಗಳನ್ನು ಹೊರಗೇ ಇಟ್ಟಿತು.

ನಾವು ಈ ವಿಧಾನ ಬಿಡಬೇಕಿಲ್ಲ. ಕೆಳಗೆ ಟ್ರಾಫಿಕ್ ಓಡುತ್ತಿರುವಾಗಲೇ ಮೇಲೆ ಕಟ್ಟಬಹುದಲ್ವಾ, ನಮ್ಮಂಥ ಊರಿಗೆ ಇದು ಬೇಕೇ ಬೇಕು. ಆದರೆ ಪ್ರತಿ ಕೇಬಲ್‌ ಬಿಗಿದದ್ದು ಯಾವಾಗ, ಗ್ರೌಟ್ ತುಂಬಿದ್ದು ಯಾವಾಗ, ಎಷ್ಟು ಚೀಲ ಸಿಮೆಂಟ್ ಹೋಯಿತು ಎಂಬ ದಾಖಲೆ ಸಾರ್ವಜನಿಕರಿಗೆ ಸಿಗಬೇಕು. ಬಿಲ್ ಪಾಸ್ ಮಾಡುವ ಮೊದಲು ಗುತ್ತಿಗೆದಾರರಿಗೆ ಸಂಬಂಧವಿಲ್ಲದ ಎಂಜಿನಿಯರ್ ಕೆಲವು ವೆಂಟ್ ತೆಗೆಸಿ ಒಳಗೆ ಕ್ಯಾಮೆರಾ ಬಿಟ್ಟು ನೋಡಲಿ. ಈಗ ಏಳುತ್ತಿರುವ ಸೇತುವೆಗಳಿಂದಲೇ ಇದು ಶುರುವಾಗಲಿ.

— ನಿವೃತ್ತ ಸೈಟ್ ಸೂಪರ್‌ವೈಸರ್, ತುಮಕೂರು