ಗ್ರ್ಯಾಮಿ ಸುದ್ದಿಯಲ್ಲಿ ಬಿಟ್ಟುಹೋದ ಸೀಸೀ ವೈನನ್ಸ್

ಸಂಪಾದಕರಿಗೆ ನಮಸ್ಕಾರ,

2025ರ ಫೆಬ್ರವರಿಯ ಗ್ರ್ಯಾಮಿ, ಅಂದ್ರೆ ಅಮೆರಿಕಾದ ಸಂಗೀತ ಪ್ರಶಸ್ತಿಯ ಸುದ್ದಿ ನಿಮ್ಮ ಪೇಪರಲ್ಲಿ ಓದಿದೆ. ಚಂದ್ರಿಕಾ ಟಂಡನ್ ಅವರ 'ತ್ರಿವೇಣಿ' ಆಲ್ಬಮ್ಮಿಗೆ ಬಂದಿದ್ದು, ಬಿಯಾನ್ಸೆಗೆ ಆಲ್ಬಮ್ ಆಫ್ ದಿ ಇಯರ್ ಬಂದಿದ್ದು ಎಲ್ಲಾ ಚೆನ್ನಾಗೇ ಹಾಕಿದ್ರಿ, ಆದ್ರೆ ಅವತ್ತೇ ಎರಡು ಗ್ರ್ಯಾಮಿ ತಗೊಂಡ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ಗಾಯಕಿ ಸೀಸೀ ವೈನನ್ಸ್ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ಜಗಳಕ್ಕೆ ಬರೀತಿಲ್ಲ, ಜಾಗ ಸಾಲದೇ ಹೋಗಿರುತ್ತೆ. ಬಿಟ್ಟಿದ್ದನ್ನ ನಾನು ಬರೆದುಬಿಡ್ತೀನಿ ಅಷ್ಟೇ.

ಆಲ್ಬಮ್ ಹೆಸರು 'ಮೋರ್ ದ್ಯಾನ್ ದಿಸ್', 2024ರ ಏಪ್ರಿಲಲ್ಲಿ ಬಂತು. ಬೆಸ್ಟ್ ಗಾಸ್ಪೆಲ್ ಆಲ್ಬಮ್ ಅದಕ್ಕೇ ಬಂತು, ಅದರೊಳಗಿನ 'ದ್ಯಾಟ್ಸ್ ಮೈ ಕಿಂಗ್' ಹಾಡಿಗೆ ಇನ್ನೊಂದು. ಈಯಮ್ಮ ಹುಟ್ಟಿದ್ದು 1964ರಲ್ಲಿ. ಅಮೆರಿಕಾದ ಡೆಟ್ರಾಯ್ಟ್ ಊರಿನವರು, ಹತ್ತು ಮಕ್ಕಳ ಮನೇಲಿ ಏಳು ಗಂಡುಮಕ್ಕಳಾದ ಮೇಲೆ ಹುಟ್ಟಿದ ಮೊದಲ ಹೆಣ್ಣುಮಗು. ಮನೆತುಂಬ ಹಾಡೋರೇ. ಅಣ್ಣ ಬೀಬೀ ಜೊತೆ ಹಾಡ್ಕೊಂಡು ಬಂದು, 1995ರಲ್ಲಿ 'ಅಲೋನ್ ಇನ್ ಹಿಸ್ ಪ್ರೆಸೆನ್ಸ್' ಅಂತ ಒಬ್ರೇ ಹಾಡಿದ ಆಲ್ಬಮ್ ಮಾಡಿದ್ರು. ಅದರ ಕ್ಯಾಸೆಟ್ ದುಬೈನಲ್ಲಿದ್ದ ನಮ್ಮ ಚಿಕ್ಕಪ್ಪ ತಂದುಕೊಟ್ಟಿದ್ರು, ಟೇಪ್ ಸಿಕ್ಕಾಕ್ಕೊಂಡಾಗೆಲ್ಲ ರೆನಾಲ್ಡ್ಸ್ ಪೆನ್ ಹಾಕಿ ಸುತ್ತಿ ಸುತ್ತಿ ಕೇಳಿದ್ದೀನಿ.

ಹೊಸ ಆಲ್ಬಮ್ಮಲ್ಲಿ ನನಗೆ ಹಿಡಿಸಿದ್ದು ಅವರ ಗಂಟಲಲ್ಲ, ಗಂಟಲು ಮೊದಲಿಂದ್ಲೂ ಗೊತ್ತಿತ್ತು. ಹಿಡಿಸಿದ್ದು ಅವರು ಎಲ್ಲಿ ಸುಮ್ಮನಾಗ್ತಾರೆ ಅನ್ನೋದು. ಪಾಪ್ ತಾರೆ ವಿಟ್ನಿ ಹ್ಯೂಸ್ಟನ್ ಜೊತೆ ಸಮಸಮಕ್ಕೆ ನಿಂತು ಹಾಡಿದವರು, ಮನಸ್ಸು ಮಾಡಿದ್ರೆ ಒಂದೊಂದು ಸಾಲಿಗೂ ಹತ್ತು ಸಂಗತಿ ಹಾಕಬಹುದು, ಹಾಕಲ್ಲ. ಲೈವ್ ರೆಕಾರ್ಡಿಂಗ್ ಇದು, ಇವರೊಂದು ಮಾತು ಎತ್ತಿಕೊಟ್ಟು ಹಿಂದೆ ಸರೀತಾರೆ, ಕ್ವಾಯರ್, ಅಂದ್ರೆ ಜೊತೆಗೆ ಹಾಡೋ ಗುಂಪು, ಅದನ್ನ ತಗೊಳ್ಳುತ್ತೆ, ಕೇಳ್ತಾ ಇರೋ ನಾವೂ ತಗೊಳ್ತೀವಿ. ನಾನು ಮೊದಲ ಸಲ 'ದ್ಯಾಟ್ಸ್ ಮೈ ಕಿಂಗ್' ಹಾಕಿದಾಗ ಅಡುಗೆಮನೇಲಿ ಹುರುಳಿಕಾಯಿ ಬಿಡಿಸ್ತಿದ್ದ ನನ್ನ ಹೆಂಡತಿ, ಇಂಗ್ಲಿಷ್ ಹಾಡು ಅಂದ್ರೆ ಸೌಂಡ್ ಕಮ್ಮಿ ಮಾಡ್ರೀ ಅನ್ನೋಳು, ಮೂರನೇ ಸಲಕ್ಕೆ ಅಲ್ಲಿಂದ್ಲೇ ಕ್ವಾಯರ್ ಜೊತೆ ಉತ್ತರ ಕೊಡೋಕೆ ಶುರು ಮಾಡಿದ್ಲು. ಅದೇ ಆಲ್ಬಮ್ಮಿನ 'ಹೋಲಿ ಫಾರೆವರ್' ಬೇರೆಯವರದ್ದೇ ಹಾಡು, ಕ್ರಿಸ್ ಟಾಮ್ಲಿನ್ ಅನ್ನೋ ಗಾಯಕರು 2022ರಲ್ಲೇ ಹಾಡಿದ್ದು, ಆದ್ರೂ ಸೀಸೀ ಬಾಯಲ್ಲಿ ಅದು ಹಳೇ ದೇವಾಲಯದ ಹಾಡಿನ ಥರ ಕೇಳುತ್ತೆ.

ಇದನ್ನ ಯಾಕೆ ಇಷ್ಟುದ್ದ ಹೇಳ್ತಿದ್ದೀನಿ ಅಂದ್ರೆ ನಮ್ಮ ಚರ್ಚ್ ಸಭೆಯಲ್ಲಿ ಆಗ್ತಿರೋದು ಇದರ ಉಲ್ಟಾ. ನಾನು ಕ್ವಾಯರಲ್ಲಿ ಮೂವತ್ತು ವರ್ಷದಿಂದ ಇದ್ದೀನಿ. ಈಗಿನ ಹುಡುಗ್ರು ಯೂಟ್ಯೂಬಲ್ಲಿ ಇದ್ದ ಶ್ರುತಿಯಲ್ಲೇ ಹಾಡ್ತಾರೆ, ಹೋದ ತಿಂಗಳು ಸೀಸೀ 2021ರ ಆಲ್ಬಮ್ಮಲ್ಲಿ ಹಾಡಿದ್ದ 'ಗುಡ್ನೆಸ್ ಆಫ್ ಗಾಡ್' ಎತ್ತಿಕೊಂಡ್ರು, ಪಲ್ಲವಿ ಬರೋ ಹೊತ್ತಿಗೆ ಶ್ರುತಿ ಎಟುಕದೆ ಬೆಂಚಲ್ಲಿದ್ದ ಆಂಟಿಯರೆಲ್ಲ ಬಾಯಿ ಮುಚ್ಚಿಕೊಂಡು ಪ್ರೊಜೆಕ್ಟರ್ ನೋಡ್ತಾ ನಿಂತ್ರು, ಸ್ಟೇಜ್ ಮೇಲಿನ ನಾಲ್ಕು ಜನ ಹಾಡಿದ್ದೇ ಹಾಡಿದ್ದು.

ಶ್ರುತಿ ಒಂದೇ ಅಲ್ಲ, ಕನ್ನಡ ಮಾಡಿರೋದನ್ನೂ ನೋಡಿ. 'ಗುಡ್ನೆಸ್' ಅನ್ನೋ ಜಾಗಕ್ಕೆ 'ಒಳ್ಳೆಯತನ' ಅಂತ ಹಾಕಿದ್ದಾರೆ. ಎರಡು ಸ್ವರದ ಜಾಗದಲ್ಲಿ ಐದಕ್ಷರ! ಉಸಿರು ಕಟ್ಟುತ್ತೆ. ಆ ಹಾಡಲ್ಲಿ ದೇವರ ಒಳ್ಳೇತನ ಬೆನ್ನು ಹತ್ತಿ ಬರುತ್ತೆ ಅನ್ನೋ ಮಾತೇ ಬೈಬಲ್ಲಿನ 23ನೇ ಕೀರ್ತನೆಯ ಕೊನೇ ವಚನದ್ದು, ನಮ್ಮ ಹಳೇ ಸತ್ಯವೇದದಲ್ಲಿ ಅಲ್ಲಿ 'ಶುಭವೂ ಕೃಪೆಯೂ' ಅಂತ ಇದೆ. ಶುಭ, ಕೃಪೆ, ಎರಡೆರಡೇ ಅಕ್ಷರ, ಚಿಕ್ಕ ಮಕ್ಕಳಿಗೂ ಬಾಯಿಪಾಠ. ಅದನ್ನ ಬಿಟ್ಟು ಡಿಕ್ಷನರಿ ಹುಡುಕಿದ್ದಾರೆ! ಡಿಕ್ಷನರಿ ಅಂದ ಮೇಲೆ ನೆನಪಾಯ್ತು, ನಿಘಂಟಿನ ಕಿಟ್ಟೆಲ್ 1862ರಲ್ಲೇ ಯೇಸುವಿನ ಕಥೆಯನ್ನ 'ಕಥಾಮಾಲೆ' ಅಂತ ನಮ್ಮ ಛಂದಸ್ಸಲ್ಲೇ ಪದ್ಯ ಮಾಡಿ ಬರೆದಿದ್ರು. ಜರ್ಮನಿಯಿಂದ ಬಂದವರು ಕನ್ನಡ ಬಾಯಿಗೆ ಏನು ಕೂರುತ್ತೆ ಅಂತ ಅಷ್ಟು ಯೋಚನೆ ಮಾಡಿದ್ರು, ಇಲ್ಲೇ ಹುಟ್ಟಿದ ನಾವು ಮಾಡ್ತಿಲ್ಲ.

ಹುಡುಗ್ರನ್ನ ಬೈಯೋಕೆ ಇಷ್ಟ ಇಲ್ಲ ಸಾರ್, ಅವರು ಬರ್ತಿರೋದ್ರಿಂದ್ಲೇ ಕ್ವಾಯರ್ ಉಳ್ಕೊಂಡಿದೆ. ಮೊನ್ನೆ ಗುರುವಾರ ಪ್ರಾಕ್ಟೀಸಲ್ಲಿ ಸೀಸೀ ಆಲ್ಬಮ್ ಪೂರ್ತಿ ಕೇಳಿಸಿದೆ. ಆಮೇಲೆ ಕೀಬೋರ್ಡ್ ಹುಡುಗ ತಾನಾಗೇ ಶ್ರುತಿ ಬದಲಿಸೋ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಮೂರು ಮನೆ ಕೆಳಗೆ ಇಳಿಸಿದ, 'ಶುಭ' ಅಂತ ಹಾಕಿ ಹಾಡಿ ನೋಡಿದ್ವಿ. ಹಿಂದೆ ಕುರ್ಚಿ ಜೋಡಿಸ್ತಿದ್ದ ವಾಚ್‌ಮನ್ ತಾತ ಕೂಡ ದನಿ ಸೇರಿಸಿದ್ರು. ಈ ಭಾನುವಾರ ಆರಾಧನೆಯಲ್ಲಿ ಹಾಗೇ ಹಾಡ್ತಿದ್ದೀವಿ.

ಇಂತಿ,
ಒಬ್ಬ ಹಳೇ ಓದುಗ, ತುಮಕೂರು